ಅಪ್‌ಡೇಟ್: ಮೆಲ್ಬರ್ನ್‌ನ ಬೇಸಿಗೆ ಕ್ರಿಸ್‌ಮಸ್, ಕತ್ತಲಾಗೋ ಮುಂಚೆ ಮಲಗೋ ಮಗಳು
ಹೋದ ವಾರ ಕೇಳಿದ್ದೆನಲ್ಲ, ಇಲ್ಲಿ ಡಿಸೆಂಬರ್‌ನಲ್ಲಿ ಸೂರ್ಯ ಮುಳುಗೋದೇ ರಾತ್ರಿ 8:40ರ ಹೊತ್ತಿಗೆ, ನಮ್ಮ 3 ವರ್ಷದವಳು ಏಳೂವರೆಗೇ ಮಲಗ್ತಾಳೆ, ಕ್ರಿಸ್‌ಮಸ್ ದೀಪ ತೋರಿಸೋದು ಹೇಗೆ ಅಂತ.

ಮಧ್ಯಾಹ್ನ ಜಾಸ್ತಿ ಮಲಗಿಸಿ ಅಂದವರಿಗೆ ದೊಡ್ಡ ನಮಸ್ಕಾರ! ಕಾರಲ್ಲೇ ರಂಪ, ಅರ್ಧ ದಾರಿಯಿಂದ ವಾಪಸ್. ಕೈ ಹಿಡಿದದ್ದು ಬರ್ಕ್ ಸ್ಟ್ರೀಟ್‌ನ ಮೈಯರ್ ಅಂಗಡಿಯವರು ಕ್ರಿಸ್‌ಮಸ್‌ಗೆ ಅಲಂಕರಿಸೋ ಕಿಟಕಿಗಳು. ಹಗಲಲ್ಲೇ ಆಡೋ ಬೊಂಬೆಗಳು, ದುಡ್ಡು ಕೊಡಬೇಕಿಲ್ಲ, 1956ರಿಂದ ನಡೀತಿದೆಯಂತೆ. ನನಗಂತೂ ಅಮ್ಮ ಕೂರಿಸ್ತಿದ್ದ ದಸರಾ ಬೊಂಬೆ ನೆನಪಾಯ್ತು. ನೀವೂ ಹೋಗೋದಾದ್ರೆ ಬೆಳಿಗ್ಗೆ ಬೇಗ ಹೋಗಿ, ತಡವಾದ್ರೆ ಕ್ಯೂ.

25ಕ್ಕೆ ಬ್ರೈಟನ್ ಬೀಚ್. ಮರಳಲ್ಲಿ ಸಾಂಟಾ ಟೋಪಿಗಳನ್ನ ನೋಡಿ ಮಗಳು, "ಅಮ್ಮಾ, ಸಾಂಟಾಗೆ ಸೆಕೆ ಆಗಲ್ವಾ?"

ಇಲ್ಲಿ ಸಾಂಟಾಗೆ ಹಾಲಿನ ಬದಲು ತಣ್ಣಗಿನ ಬಿಯರ್ ಇಡೋದೂ ಉಂಟಂತೆ. ನಾವು ಮಜ್ಜಿಗೆ ಇಟ್ಟಿದ್ವಿ. ಬೆಳಿಗ್ಗೆ ಲೋಟ ಖಾಲಿ, ನಮ್ಮೆಜಮಾನರ ಮೀಸೆ ಒದ್ದೆ.