ಡಿಕ್ಕಿ, ಸಲೂನ್, ಹುಡ್: ಹಳೆಯ ಬ್ರಿಟಿಷ್ ಕಾರಿನ ಫೋಟೊಗೆ ಯಾವ ಪದ?

ಪ್ರಶ್ನೆ: 1930ರಿಂದ 60ರವರೆಗೆ ಇಂಗ್ಲೆಂಡಿನಲ್ಲಿ ತೆಗೆದ ಕುಟುಂಬದ ಫೋಟೊಗಳಿಗೆ ಕನ್ನಡದಲ್ಲಿ ಅಡಿಬರಹ ಬೇಕಾಗಿದೆ. ಬೆನ್ನಿನ ಮೇಲೆ ‘ಸಲೂನ್’, ‘ಡಿಕಿ’, ‘ಹುಡ್’, ‘ವಿಂಗ್’ ಎಂದೆಲ್ಲ ಬರೆದಿದೆ. ಡಿಕಿಗೆ ನಮ್ಮ ‘ಡಿಕ್ಕಿ’ಯೇ ಸಾಕಲ್ಲವೆ? ಸಲೂನ್ ಎಂದರೆ ಕ್ಷೌರದಂಗಡಿ ಎಂದುಕೊಂಡಾರೆ?

ಉತ್ತರ: ಡಿಕ್ಕಿ ಸಾಲದು ಸರ್, ಅರ್ಥವೇ ಕೆಡುತ್ತದೆ. ಮೂಲದ ಡಿಕಿ ಸಾಮಾನಿಡುವ ಜಾಗವಲ್ಲ, ಸೀಟು. ಒಳಗೆ ಇಬ್ಬರಿಗಷ್ಟೇ ಜಾಗವಿದ್ದ ಕಾರಿನ ಹಿಂಭಾಗದಲ್ಲಿ ಒಂದು ಮುಚ್ಚಳ. ಅದನ್ನು ಹಿಂದಕ್ಕೆ ಬಾಗಿಸಿ ತೆರೆದರೆ ಒಳಮೈಯೇ ಒರಗುದಿಂಬು. ಮೇಲೆ ಸೂರಿಲ್ಲ, ಹತ್ತಲು ಮಡ್‌ಗಾರ್ಡಿನ ಮೇಲೆ ಕಾಲಿಡುವ ಮೆಟ್ಟು. ಇಂಥ ಕಾರುಗಳು ಹೋದ ಮೇಲೂ ನಮ್ಮಲ್ಲಿ ಹೆಸರು ಉಳಿದು ಸಾಮಾನಿನ ಜಾಗಕ್ಕೆ ಅಂಟಿತು. ಬ್ರಿಟನ್ನಿನಲ್ಲಿ ಅದು ‘ಬೂಟ್’. ಆದ್ದರಿಂದ ‘ಡಿಕ್ಕಿಯಲ್ಲಿ ಕೂತ ಮಕ್ಕಳು’ ಎಂದು ಬರೆದರೆ ಮಕ್ಕಳನ್ನು ಲಗೇಜಿನ ಜೊತೆ ತುರುಕಿದಂತೆ ಕೇಳಿಸುತ್ತದೆ. ‘ಹಿಂಬದಿಯ ತೆರೆದ ಸೀಟಿನಲ್ಲಿ ಮಕ್ಕಳು’ ಎನ್ನಿ. ಬೆನ್ನಿನ ಮೇಲೆ ಬೂಟ್ ಎಂದಿದ್ದರೆ ಮಾತ್ರ ಧಾರಾಳವಾಗಿ ಡಿಕ್ಕಿ ಬರೆಯಿರಿ. (ಗಾಡಿಗೆ ಗಾಡಿ ಹೊಡೆಯುವ ‘ಡಿಕ್ಕಿ’ ಬೇರೆಯೇ ಪದ.)

ಡಿಕಿ ಸೀಟಿನ ಕಾರು ಸಲೂನ್ ಅಲ್ಲ ಎಂಬುದೂ ಇಲ್ಲೇ ತಿಳಿಯುತ್ತದೆ. ಸಲೂನ್ ಎಂದರೆ ಗಟ್ಟಿ ಸೂರಿನ ಕೆಳಗೆ ಎರಡು ಸಾಲು ಸೀಟಿರುವ ಕಾರು. ಅದು ಮೈಕಟ್ಟಿನ ಹೆಸರು, ಮಾಡೆಲ್ಲಿನದಲ್ಲ: ಮಾರಿಸ್ ಮೈನರ್ ಸಲೂನ್ ಆಗಿಯೂ ಬಂತು, ಬಟ್ಟೆ ಸೂರಿನ ಟೂರರ್ ಆಗಿಯೂ ಬಂತು, ಹಿಂಭಾಗಕ್ಕೆ ಮರದ ಚೌಕಟ್ಟಿರುವ ಟ್ರಾವೆಲರ್ ಆಗಿಯೂ ಬಂತು. ‘ಸಲೂನ್ ಕಾರು’ ಎಂದು ಜೋಡಿಸಿ ಬರೆದರೆ ಕ್ಷೌರದಂಗಡಿಯ ಗೊಂದಲವಿಲ್ಲ. ಸೆಡಾನ್ ಅಮೆರಿಕದ ಮಾತು, ಈ ಫೋಟೊಗಳಿಗೆ ಹೊಂದದು.

ಹುಡ್ ವಿಷಯದಲ್ಲಿ ಎಡವುವವರೇ ಹೆಚ್ಚು. ಅಮೆರಿಕದಲ್ಲಿ ಹುಡ್ ಎಂದರೆ ನಾವು ಹೇಳುವ ಬಾನೆಟ್, ಎಂಜಿನ್ನಿನ ಮುಚ್ಚಳ. ಬ್ರಿಟನ್ನಿನಲ್ಲಿ ಮಡಚುವ ಬಟ್ಟೆಯ ಸೂರು. ‘ಹುಡ್ ಇಳಿಸಿದೆ’ ಎಂದಿದ್ದರೆ ಸೂರು ಮಡಚಿದೆ ಎಂದರ್ಥ. ವಿಂಗ್‌ಗೆ ‘ರೆಕ್ಕೆ’ ದಯವಿಟ್ಟು ಬೇಡ, ‘ಮಡ್‌ಗಾರ್ಡ್’ ಇದೆ.

ಕಾಲ ಹೇಳುವಲ್ಲಿ ಪದ ಇನ್ನೂ ಬಿಗಿಯಾಗಿರಬೇಕು. ಮೇಲೆ ಹೇಳಿದ ಮಾರಿಸ್ ಮೈನರ್ ಬಂದದ್ದು 1948ರಲ್ಲಿ. ಮುಂದಿನ ಗಾಜು ನಡುವೆ ಸೀಳಿದ್ದರೆ ಕಾರು 1956ರ ‘ಮೈನರ್ 1000’ಕ್ಕಿಂತ ಹಿಂದಿನದು. ಎರಡು ಬಾಗಿಲ ನಡುವಿನ ಕಂಬದಿಂದ ಅಡ್ಡಕ್ಕೆ ಚಾಚಿದ, ತಿರುವು ತೋರಿಸುವ ಪುಟ್ಟ ಕೈಯಂಥದ್ದು ಕಂಡರೆ ‘ಟ್ರಾಫಿಕೇಟರ್’ ಎಂದೇ ಬರೆಯಿರಿ. ‘ಇಂಡಿಕೇಟರ್’ ಎಂದರೆ ಈ ಸುಳಿವು ಕಳೆದುಹೋಗುತ್ತದೆ, ಏಕೆಂದರೆ ಮೈನರಿಗೆ ಮಿನುಗುವ ದೀಪ ಬಂದದ್ದು 1961ರಲ್ಲಿ. ಇವೆಲ್ಲ ಹೇಳುವುದು ಕಾರಿನ ವಯಸ್ಸು. ಫೋಟೊ ಎಷ್ಟೋ ವರ್ಷ ಆಮೇಲಿನದಿರಬಹುದು. ಹಾಗಾಗಿ ‘1955ರ ಫೋಟೊ’ ಎನ್ನದೆ ‘1955ರ ಕಾರು’ ಎನ್ನಿ. ಸ್ಟಿಯರಿಂಗ್ ಎಡಕ್ಕೆ ಕಂಡರೆ ಮೊದಲು ನಂಬರ್ ಪ್ಲೇಟ್ ಓದಿ: ಅಕ್ಷರ ತಿರುಗಿದ್ದರೆ ನೆಗೆಟಿವ್ ಮಗುಚಿ ಪ್ರಿಂಟ್ ಹಾಕಿದ್ದಾರೆ.

ಇನ್ನೊಂದು ಮಾತು. ಬ್ರಿಟನ್ನಿನ ರಸ್ತೆಯಲ್ಲಿ ನಿಂತ ಆ ದುಂಡುಮೈಯ ಕಾರನ್ನು ನೋಡಿದೊಡನೆ ನಾವು ‘ಅಂಬಾಸಿಡರ್’ ಎಂದುಬಿಡುತ್ತೇವೆ. ಅಲ್ಲಿ ಅದು ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅದೇ ಕಾರಿನ ಮಾದರಿಯಲ್ಲಿ ಹಿಂದುಸ್ತಾನ್ ಮೋಟಾರ್ಸ್ ಇಲ್ಲಿ ಅಂಬಾಸಿಡರ್ ತಯಾರಿಸಿತು. ಅಡಿಬರಹದಲ್ಲಿ ‘ಮಾರಿಸ್ ಆಕ್ಸ್‌ಫರ್ಡ್, ನಮ್ಮ ಅಂಬಾಸಿಡರಿನ ಮೂಲ’ ಎಂದಿರಲಿ.