ಜಾಂಗೋ ಆ್ಯಪ್ ನೋಂದಾಯಿಸಿದರೂ ಸಿಗ್ನಲ್ ಓಡುತ್ತಿಲ್ಲ, ಏಕೆ?

ಪ್ರಶ್ನೆ: ನಮಸ್ಕಾರ ಸರ್. ಪೈಥಾನ್‌ನ ವೆಬ್ ಚೌಕಟ್ಟಾದ ಜಾಂಗೋ 5ರಲ್ಲಿ ಗ್ರಂಥಾಲಯಕ್ಕೊಂದು ತಂತ್ರಾಂಶ ಸಿದ್ಧಪಡಿಸುತ್ತಿದ್ದೇನೆ. ಸದಸ್ಯರ ಆ್ಯಪ್ ಅನ್ನು ಸೆಟ್ಟಿಂಗ್ಸ್‌ನ ‘ಇನ್‌ಸ್ಟಾಲ್ಡ್ ಆ್ಯಪ್ಸ್’ ಪಟ್ಟಿಗೆ ಸೇರಿಸಿದ್ದೇನೆ, ಟೇಬಲ್‌ಗಳೂ ಸೃಷ್ಟಿಯಾಗಿವೆ. ಆದರೆ ಹೊಸ ಸದಸ್ಯರ ದಾಖಲೆ ಉಳಿಸಿದಾಗ ಕಾರ್ಡ್ ಸಂಖ್ಯೆ ನೀಡಬೇಕಾದ ಸಿಗ್ನಲ್ (ದಾಖಲೆ ಉಳಿಯುವಂಥ ಘಟನೆಗೆ ತಾನಾಗಿ ಓಡುವ ಕೋಡ್) ಓಡುವುದಿಲ್ಲ, ದೋಷಸಂದೇಶವೂ ಇಲ್ಲ. ಸಿಗ್ನಲ್ ಫೈಲನ್ನು ಆ್ಯಪ್‌ನ ಇನಿಟ್ ಫೈಲಿನಲ್ಲಿ (__init__.py) ಇಂಪೋರ್ಟ್ ಮಾಡಿದರೆ, ಆ್ಯಪ್‌ಗಳು ಇನ್ನೂ ಲೋಡ್ ಆಗಿಲ್ಲವೆಂಬ ದೋಷ ಬರುತ್ತದೆ.

ಉತ್ತರ: ನಮಸ್ಕಾರ. ಜಾಂಗೋ ಆರಂಭವಾಗುವಾಗ ಮೊದಲು ಪಟ್ಟಿಯಲ್ಲಿರುವ ಪ್ರತಿ ಆ್ಯಪ್‌ನ ಕಾನ್ಫಿಗ್ (ಆ್ಯಪ್ ವಿವರಗಳ ಕ್ಲಾಸ್) ಅನ್ನು ಓದುತ್ತದೆ, ಆಮೇಲೆ ಎಲ್ಲ ಆ್ಯಪ್‌ಗಳ ಮಾಡೆಲ್ (ಡೇಟಾಬೇಸ್ ಟೇಬಲ್‌ನ ರೂಪ ಹೇಳುವ ಕ್ಲಾಸ್) ಫೈಲುಗಳನ್ನು ಇಂಪೋರ್ಟ್ ಮಾಡುತ್ತದೆ, ಕೊನೆಯಲ್ಲಿ ಪ್ರತಿ ಕಾನ್ಫಿಗ್‌ನ ‘ರೆಡಿ’ ಮೆಥಡ್ ಅನ್ನು ಕರೆಯುತ್ತದೆ. ಇನಿಟ್ ಫೈಲು ಓಡುವುದು ಮೊದಲ ಹಂತದಲ್ಲಿ. ನಿಮ್ಮ ಸಿಗ್ನಲ್ ಫೈಲಿಗೆ ಬೇಕಾದ ಮಾಡೆಲ್‌ಗಳು ಆಗಿನ್ನೂ ಸಿದ್ಧವಾಗಿರದ ಕಾರಣ ಆ ದೋಷ ಬಂದಿದೆ. ಇಂಪೋರ್ಟ್ ಮಾಡದಿದ್ದಾಗ ಏನೂ ಆಗದಿರುವುದಕ್ಕೆ ಕಾರಣ ಇನ್ನೂ ಸರಳ: ಜಾಂಗೋ ತಾನಾಗಿ ಹುಡುಕುವುದು ಮಾಡೆಲ್ ಫೈಲನ್ನೇ ಹೊರತು ಸಿಗ್ನಲ್ ಫೈಲನ್ನಲ್ಲ, ಯಾರೂ ಓದದ ಫೈಲಿನಲ್ಲಿರುವ ಡೆಕೊರೇಟರ್ (ಫಂಕ್ಷನ್ ಅನ್ನು ಸಿಗ್ನಲ್‌ಗೆ ಜೋಡಿಸುವ ಸಾಲು) ಓಡುವುದೂ ಇಲ್ಲ. ಆದ್ದರಿಂದ ಆ್ಯಪ್ಸ್ ಫೈಲಿನ (apps.py) ಕಾನ್ಫಿಗ್ ಕ್ಲಾಸಿನಲ್ಲಿ ‘ರೆಡಿ’ ಮೆಥಡ್ ಬರೆದು, ಆ ಮೆಥಡ್‌ನ ಒಳಗೇ ಸಿಗ್ನಲ್ ಫೈಲನ್ನು ಇಂಪೋರ್ಟ್ ಮಾಡಿ.

ಪ್ರಶ್ನೆ: ಹಾಗೆಯೇ ಬರೆದೆ ಸರ್, ಆದರೂ ‘ರೆಡಿ’ ಓಡುತ್ತಿಲ್ಲ. ಪರೀಕ್ಷೆಗೆಂದು ಅದೇ ಫೈಲಿನಲ್ಲಿ ಇನ್ನೊಂದು ಕಾನ್ಫಿಗ್ ಕ್ಲಾಸ್ ಇದೆ. ಅಡ್ಮಿನ್ ಪುಟದ ಶೀರ್ಷಿಕೆಗೆ ನಾನು ಬರೆದ ಟೆಂಪ್ಲೇಟ್ (ಪುಟದ ಎಚ್‌ಟಿಎಮ್‌ಎಲ್ ಮಾದರಿ) ಕೂಡ ಕಾಣುತ್ತಿಲ್ಲ.

ಉತ್ತರ: ತೊಡಕು ಆ ಎರಡನೆಯ ಕ್ಲಾಸಿನಲ್ಲಿದೆ. 3.2ನೇ ಆವೃತ್ತಿಯಿಂದ ಜಾಂಗೋ ಕಾನ್ಫಿಗ್ ಕ್ಲಾಸನ್ನು ತಾನೇ ಕಂಡುಕೊಳ್ಳುತ್ತದೆ, ಆದರೆ ಫೈಲಿನಲ್ಲಿ ಒಂದೇ ಇದ್ದರೆ ಮಾತ್ರ. ಎರಡಿದ್ದು ಯಾವುದಕ್ಕೂ ‘ಡೀಫಾಲ್ಟ್’ ಗುರುತಿಲ್ಲದಿದ್ದರೆ, ಎರಡನ್ನೂ ಬಿಟ್ಟು ತನ್ನ ಮೂಲ ಕ್ಲಾಸನ್ನು ಸದ್ದಿಲ್ಲದೆ ಬಳಸುತ್ತದೆ. ನನ್ನ ಸಲಹೆಯೆಂದರೆ, ಪಟ್ಟಿಯಲ್ಲಿ ಬರಿಯ ಆ್ಯಪ್ ಹೆಸರಿನ ಬದಲು ಕಾನ್ಫಿಗ್ ಕ್ಲಾಸಿನ ಪೂರ್ಣ ಪಥವನ್ನೇ ಬರೆಯಿರಿ. ಮುಂದೆ ಈ ಕೋಡ್ ಓದುವವರಿಗೂ ಯಾವ ಕ್ಲಾಸ್ ಬಳಕೆಯಲ್ಲಿದೆ ಎಂಬುದು ಸ್ಪಷ್ಟವಾಗಿರುತ್ತದೆ. ಟೆಂಪ್ಲೇಟ್ ವಿಷಯದಲ್ಲಿ ಪಟ್ಟಿಯ ಕ್ರಮ ಮುಖ್ಯ. ಒಂದೇ ಹೆಸರಿನ ಟೆಂಪ್ಲೇಟ್ ಎರಡು ಆ್ಯಪ್‌ಗಳಲ್ಲಿದ್ದರೆ ಮೊದಲು ಬಂದದ್ದೇ ಗೆಲ್ಲುವುದರಿಂದ, ನಿಮ್ಮ ಆ್ಯಪ್ ಅಡ್ಮಿನ್‌ಗಿಂತ ಮೇಲಿರಬೇಕು.

ಪ್ರಶ್ನೆ: ಎರಡೂ ಸರಿಹೋದವು, ಧನ್ಯವಾದಗಳು. ಕಾರ್ಡ್ ಸಂಖ್ಯೆ ಎಲ್ಲಿಂದ ಆರಂಭವಾಗಬೇಕೆಂಬುದನ್ನು ‘ರೆಡಿ’ಯಲ್ಲೇ ಡೇಟಾಬೇಸ್‌ನಿಂದ ಓದಬಹುದೇ?

ಉತ್ತರ: ದಯವಿಟ್ಟು ಬೇಡ. ‘ರೆಡಿ’ ಟೇಬಲ್‌ಗಳನ್ನು ಸೃಷ್ಟಿಸುವ ಮೈಗ್ರೇಟ್ ಸೇರಿದಂತೆ ಎಲ್ಲ ಮ್ಯಾನೇಜ್ ಆದೇಶಗಳಲ್ಲೂ ಓಡುತ್ತದೆ, ಹೊಸ ಸರ್ವರ್‌ನಲ್ಲಿ ಆ ಹೊತ್ತಿಗೆ ಟೇಬಲ್ಲೇ ಇರುವುದಿಲ್ಲ. ಇನ್ನೂ ಅಪಾಯದ ಸಂಗತಿಯೆಂದರೆ, ಟೆಸ್ಟ್ ಓಡಿಸುವಾಗ ಪರೀಕ್ಷಾ ಡೇಟಾಬೇಸ್ ಸಿದ್ಧವಾಗುವ ಮೊದಲೇ ‘ರೆಡಿ’ ಮುಗಿದಿರುವುದರಿಂದ, ಆ ಕ್ವೆರಿ ನಿಮ್ಮ ಅಸಲಿ ಡೇಟಾಬೇಸ್‌ಗೇ ಹೋಗುತ್ತದೆ. 5.0ರಿಂದ ಜಾಂಗೋ ಇದಕ್ಕೆ ಎಚ್ಚರಿಕೆಯನ್ನೂ ತೋರಿಸುತ್ತದೆ. ಆ ಸಂಖ್ಯೆಯನ್ನು ಸಿಗ್ನಲ್ ಫಂಕ್ಷನ್‌ನ ಒಳಗೆ, ಸದಸ್ಯರ ದಾಖಲೆ ಉಳಿಯುವ ಸಮಯದಲ್ಲೇ ಓದಿಕೊಳ್ಳಿ.