ಸಾರ್ಲಾಗೆ ಶನಿವಾರವೇ ಹೋಗಿ

ಅತ್ತಿಗೆ, ಈಗಷ್ಟೇ ನಿಮ್ಮ ಮೆಸೇಜ್ ನೋಡಿದೆ. ಜೂನ್‌ನಲ್ಲಿ ಇಲ್ಲಿ ಫ್ರಾನ್ಸ್‌ಗೆ, ಬೋರ್ಡೋಗೆ ಬರುತ್ತಿದ್ದೀರಿ, ಅಲ್ಲಿಂದ ಭಾನುವಾರ ಒಂದು ದಿನ ಸಾರ್ಲಾ ಅನ್ನೋ ಹಳೇ ಊರು ನೋಡಿ ಬರೋಣ ಅಂತ ಯೋಚನೆ. ಆದರೆ ಅದು ಫ್ವಾ ಗ್ರಾ, ಅಂದರೆ ಬಾತಿನ ಕೊಬ್ಬಿದ ಲಿವರ್‌ಗೆ ಹೆಸರಾದ ಊರಂತೆ, ಅತ್ತೆ ಮಾವ ಸಸ್ಯಾಹಾರಿಗಳು, ಅಲ್ಲಿ ಏನು ತಿನ್ನೋದು ಅಂತ ಕೇಳಿದ್ದೀರಿ. ನಾನು ತುಲೂಸ್‌ಗೆ ಬಂದಮೇಲೆ ಈ ಕಡೆ ತುಂಬಾ ಇಷ್ಟಪಟ್ಟ ಊರು ಅದು. ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದಲು ದಿನದ ವಿಷಯ. ಭಾನುವಾರ ಬೇಡ, ಶನಿವಾರ ಹೋಗಿ. ದೊಡ್ಡ ಸಂತೆ ಶನಿವಾರದ್ದು. ಬುಧವಾರ ಬೆಳಿಗ್ಗೆ ಇನ್ನೊಂದು ಇದೆ, ಅದು ಚಿಕ್ಕದು. ಶನಿವಾರ ಬಟ್ಟೆ, ಬುಟ್ಟಿ ಎಲ್ಲ ಸಂಜೆವರೆಗೂ ಇರುತ್ತದೆ, ಆದರೆ ತಿನ್ನುವ ಸಾಮಾನು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಬೋರ್ಡೋದಿಂದ ರೈಲಿಗೆ ಎರಡೂವರೆ ಗಂಟೆಗಿಂತ ಜಾಸ್ತಿ ಬೇಕು. ಅದಕ್ಕೆ ಶುಕ್ರವಾರ ಸಂಜೆಯೇ ಹೋಗಿ ಅಲ್ಲೇ ಮಲಗಿ. ದಾರಿಯಲ್ಲಿ ಸೇಂಟ್ ಎಮಿಲಿಯೋನ್ ದ್ರಾಕ್ಷಿ ತೋಟಗಳೂ ಕಾಣುತ್ತವೆ. ಬೆಳಿಗ್ಗೆ ಎಂಟು, ಎಂಟೂವರೆಗೆ ಸಂತೆಯಲ್ಲಿದ್ದರೆ ಬೆಳೆದು ಮಾರುವ ರೈತರ ಜೊತೆ ನಿಂತು ಮಾತಾಡಬಹುದು. ಹತ್ತರ ಮೇಲೆ ಕಾಲಿಡಲು ಜಾಗ ಇರುವುದಿಲ್ಲ, ಮಾವನ ಮೊಣಕಾಲಿಗೆ ಅದು ಕಷ್ಟ.

ಇನ್ನು ಊಟ. ಫ್ವಾ ಗ್ರಾ ಎಲ್ಲ ಕಡೆ ಕಾಣುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಬಾತು, ಹೆಬ್ಬಾತುಗಳಿಗೆ ಒತ್ತಾಯದಿಂದ ಜೋಳ ತಿನ್ನಿಸಿ ಲಿವರ್ ದಪ್ಪ ಮಾಡುತ್ತಾರೆ. ಅತ್ತೆಗೆ ಇದನ್ನು ಮೊದಲೇ ಹೇಳಿಬಿಡಿ, ಅಲ್ಲಿ ಹೋಗಿ ಮನಸ್ಸು ಕೆಡುವುದು ಬೇಡ. ಜಾಸ್ತಿ ಹುಷಾರಾಗಿರಬೇಕಾದದ್ದು ಆಲೂಗಡ್ಡೆ ವಿಷಯದಲ್ಲಿ. ಪೊಮ್ ಸಾರ್ಲಾಡೇಸ್ ಅಂತ ಎಲ್ಲ ಹೋಟೆಲಿನಲ್ಲೂ ಇರುತ್ತದೆ. ಬೆಳ್ಳುಳ್ಳಿ, ಪಾರ್ಸ್ಲಿ ಹಾಕಿದ ಬರೀ ಆಲೂಗಡ್ಡೆ ಅನ್ನಿಸುತ್ತದೆ, ಆದರೆ ಹುರಿಯುವುದು ಬಾತಿನ ಕೊಬ್ಬಿನಲ್ಲಿ. ಪುಟ್ಟ ಬಿಲ್ಲೆಯಂಥ ಮೇಕೆ ಚೀಸ್ ಸಿಗುತ್ತದೆ. ಅದಕ್ಕೆ ‘ಕಬೇಕು’ ಅನ್ನುತ್ತಾರೆ, ಪಕ್ಕದ ರೊಕಮದೂರಿನದ್ದು ಒಂದೊಂದೂ 35 ಗ್ರಾಂ ಇರುತ್ತದೆ. ರುಚಿ ಅದ್ಭುತ. ಆದರೆ ಇಂಥ ಹಳೇ ಪದ್ಧತಿಯ ಚೀಸ್‌ಗೆ ಹಾಲು ಒಡೆಯಲು ಸಾಮಾನ್ಯವಾಗಿ ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಮಾವ ಅಷ್ಟು ಕಟ್ಟುನಿಟ್ಟಾದರೆ ಕೊಡಬೇಡಿ.

ಹಾಗಾದರೆ ಏನುಳಿಯಿತು ಅಂತೀರಾ? ತುಂಬಾ ಇದೆ. ಜೂನ್ ಅಂದರೆ ಪೆರಿಗೋರ್ (ಸಾರ್ಲಾ ಇರುವ ಸೀಮೆ) ಸ್ಟ್ರಾಬೆರಿ ಕಾಲ. ಸೂಪರ್‌ಮಾರ್ಕೆಟ್ ಡಬ್ಬಿಯ ಹಣ್ಣಿಗೂ ಇದಕ್ಕೂ ಸಂಬಂಧವೇ ಇಲ್ಲ, ದೂರದಿಂದಲೇ ಪರಿಮಳ ಬರುತ್ತದೆ. ಚೆರ್ರಿ, ಜೇನು, ಹಳ್ಳಿ ಬ್ರೆಡ್ಡು ಇವೆ. ಎಲ್ಲಕ್ಕಿಂತ ಮುಖ್ಯ ವಾಲ್ನಟ್. ಪೆರಿಗೋರ್ ವಾಲ್ನಟ್‌ಗೆ 2002ರಿಂದ ನಮ್ಮ ಜಿಐ ಟ್ಯಾಗ್ ಥರದ ರಕ್ಷಣೆ ಇದೆ. ಅದರಡಿ ನಾಲ್ಕು ತಳಿಗಳಿವೆ, ಗ್ರಾಂಜಾನ್ ಅನ್ನುವುದು ಸಾರ್ಲಾ ಸುತ್ತಮುತ್ತಲಿನದೇ. ಹಿಂದೆ ಚಳಿಗಾಲದ ರಾತ್ರಿ ಮನೆಮಂದಿ, ಅಕ್ಕಪಕ್ಕದವರು ಒಟ್ಟಿಗೆ ಕೂತು ಸಣ್ಣ ಮರದ ಸುತ್ತಿಗೆಯಲ್ಲಿ ಕಾಯಿ ಒಡೆಯುತ್ತಿದ್ದರು, ನಮ್ಮ ಮಲೆನಾಡಿನಲ್ಲಿ ಅಡಿಕೆ ಸುಲಿಯಲು ಕೂರುತ್ತಾರಲ್ಲ, ಹಾಗೆ. ತಿರುಳು ಮುರಿಯದೆ ಇಡಿಯಾಗಿ ಬಂದರೆ ಬೆಲೆ ಜಾಸ್ತಿ. ತಿರುಳನ್ನು ಬಿಸಿ ಮಾಡಿ ಹಿಂಡಿದ ಎಣ್ಣೆ ತಪ್ಪದೆ ತನ್ನಿ, ಸಣ್ಣ ಬಾಟಲಿ ಸಾಕು. ಅದನ್ನು ಒಲೆ ಮೇಲೆ ಕಾಯಿಸಬಾರದು, ಬೇಗ ಕನಲುತ್ತದೆ, ಫ್ರಿಜ್‌ನಲ್ಲೇ ಇಡಬೇಕು. ಸೌತೆಕಾಯಿ ಕೋಸಂಬರಿಗೆ ಒಂದು ಚಮಚ ಹಾಕಿ ನೋಡಿ. ವಾಲ್ನಟ್ ಕೇಕೂ ಇದೆ, ಮೊಟ್ಟೆ ಇರುತ್ತದೆ, ಕೇಳಿಕೊಂಡು ತಗೊಳ್ಳಿ. ನೆಲದಡಿ ಬೆಳೆಯುವ ಅಣಬೆ, ಕಪ್ಪು ಟ್ರಫಲ್ ಮಾತ್ರ ಚಳಿಗಾಲದ್ದು, ಜೂನ್‌ನಲ್ಲಿ ತಾಜಾ ಸಿಗಲ್ಲ.

ಅಲ್ಲಿ ಸಂತೆ ಊರಾಚೆ ಶೆಡ್ಡಿನಲ್ಲಿ ನಡೆಯುವುದಿಲ್ಲ. ಹಳೇ ಕಲ್ಲಿನ ಮನೆಗಳ ನಡುವೆಯೇ ನಡೆಯುತ್ತದೆ, ಅದೇ ನನಗೆ ಇಷ್ಟ. ಸೇಂಟ್ ಮೇರಿ ಅನ್ನೋ ಹಳೇ ಚರ್ಚನ್ನೇ ಮಾರುಕಟ್ಟೆ ಮಾಡಿದ್ದಾರೆ. ಸುಮಾರು 15 ಮೀಟರ್ ಎತ್ತರದ ಉಕ್ಕಿನ ಬಾಗಿಲು. ಅದನ್ನು ರೂಪಿಸಿದ ಆರ್ಕಿಟೆಕ್ಟ್ ಜಾನ್ ನೂವೆಲ್ ಬೆಳೆದದ್ದು ಇದೇ ಊರಲ್ಲಿ. ಒಳಗೆ ಗೋಪುರಕ್ಕೆ ಗಾಜಿನ ಲಿಫ್ಟ್ ಇದೆ. ಅತ್ತೆ ಮಾವನನ್ನು ಹತ್ತಿಸಿ, ಮೆಟ್ಟಿಲಿಲ್ಲದೆ ಇಡೀ ಊರು ಕಾಣುತ್ತದೆ. ಮನೆಗಳ ಮೇಲೆ ಹೆಂಚಿನ ಬದಲು ಚಪ್ಪಟೆ ಸುಣ್ಣಕಲ್ಲು ಹೊದಿಸಿದ್ದು ಅಲ್ಲಿಂದಲೇ ಸರಿಯಾಗಿ ಗೊತ್ತಾಗೋದು.

ಇಷ್ಟು ಹಳೇ ಊರು ಉಳಿದದ್ದು ಹೇಗೆ ಗೊತ್ತಾ? ದೊಡ್ಡ ದಾರಿಗಳಿಂದ ದೂರವಿತ್ತು, ದುಡ್ಡಿರಲಿಲ್ಲ, ಹಾಗಾಗಿ ಯಾರೂ ಕೆಡವಿ ಹೊಸದು ಕಟ್ಟಲಿಲ್ಲ. 19ನೇ ಶತಮಾನದಲ್ಲಿ ನಡುವೆ ಒಂದು ನೇರ ರಸ್ತೆ ಸೀಳಿದ್ದು ಬಿಟ್ಟರೆ. 1960ರ ಹೊತ್ತಿಗೆ ಮನೆಗಳು ಬೀಳುವ ಹಾಗಿದ್ದವು. ಆಗ ಸಂಸ್ಕೃತಿ ಸಚಿವರಾಗಿದ್ದ ಆಂದ್ರೆ ಮಾಲ್ರೋ 1962ರಲ್ಲಿ ಕಾನೂನು ತಂದರು. ಒಂದೊಂದು ಕಟ್ಟಡ ಅಲ್ಲ, ಇಡೀ ಹಳೇ ಬಡಾವಣೆಯನ್ನೇ ಕಾಪಾಡುವ ಕಾನೂನು. ಅದರಲ್ಲಿ ಮೊದಮೊದಲು ದುರಸ್ತಿಯಾದ ಊರುಗಳಲ್ಲಿ ಸಾರ್ಲಾ ಒಂದು. ನಮ್ಮ ಊರುಗಳ ಹಳೇ ಪೇಟೆ ಬೀದಿಗಳನ್ನು ನೆನೆದಾಗ ಇಂಥದ್ದೊಂದು ಅಲ್ಲೂ ಬರಬೇಕಿತ್ತು ಅಂತ ನಿಜವಾಗಿ ಸಂಕಟ ಆಗುತ್ತದೆ.

ಸಮಯ ಉಳಿದರೆ ಆದಿಮಾನವರು ಬರೆದ ಲಾಸ್ಕೋ ಗುಹೆ ಚಿತ್ರ ಹತ್ತಿರವೇ ಇದೆ. ಮೂಲ ಗುಹೆ 1963ರಿಂದ ಮುಚ್ಚಿದೆ, ನೋಡಲು ಬಿಡುವುದು ಪ್ರತಿಕೃತಿಯನ್ನು. ಕಾರು ಬೇಕಾಗುತ್ತದೆ. ರೂಮ್ ಬುಕ್ ಮಾಡುವ ಮೊದಲು ಯಾವ ಶನಿವಾರ ಅಂತ ಇಲ್ಲೇ ಹಾಕಿ. ನಾನು ತುಲೂಸ್‌ನಿಂದ ಕಾರು ತಗೊಂಡು ಬರುತ್ತೇನೆ.